ಹೊಲೀದೇ ಬಿಟ್ಟ ಗಾಯ

ನನ್ನ ಬಲಗೈಗಿ ಈಗ ನಾಕೇ ಬೆರಳು. ಹೆಬ್ಬೆರಳಿನ ಬಾಜೂದ ತೋರುಬೆರಳು ಇಲ್ಲ. ಇದನ್ನ ಮೊದಲೇ ಹೇಳಿಬಿಡೂದು ಚಲೋ, ಯಾಕಂದ್ರ ಎದುರಿಗಿ ಕೂತ ಮಂದಿ ಆ ಖಾಲಿ ಜಾಗಾ ನೋಡ್ಕೋತ ನನ್ನ ಮಾತು ಅರ್ಧಾ ಕೇಳೂದಿಲ್ಲ. ನೋಡ್ರಿ, ಕಣ್ತುಂಬ ನೋಡ್ರಿ, ಆಮ್ಯಾಲ ಮುಂದಿಂದು ಓದ್ರಿ.

ನಾ ಸರ್ಜನ್. ಹೊಟ್ಟಿ ಕೊಯ್ಯೂದು, ಒಳಗಿಂದು ಸರಿ ಮಾಡೂದು, ಹೊಲಿಯೂದು, ಇದ ನನ್ನ ಕಸಬು. ಕಮಲಾಪುರದಾಗ ನಂದೊಂದು ಸಣ್ಣ ದವಾಖಾನಿ ಅದ. ಕಲಬುರಗಿಯ ಖೂಬಾ ಪ್ಲಾಟಿನಾಗ ಅಣ್ಣನ ಮನಿ, ಅವ್ವ ಅವನ ಜೋಡಿ ಇರ್ತಾಳ. ಅಣ್ಣ ಶರಣಪ್ಪ ನೆಹರು ಗಂಜಿನಾಗ ತೊಗರಿ ವ್ಯಾಪಾರಸ್ಥ. ನಾ ಲಗ್ನ ಆಗಿಲ್ಲ. ಆ ಮಾತು ಅವ್ವ ಕೈಬಿಟ್ಟು ಭಾಳ ವರ್ಷ ಆತು, ಕೈಬಿಟ್ಟ ಮ್ಯಾಲ ನಮ್ಮಿಬ್ಬರ ಸಂಬಂಧ ಸುಧಾರಿಸ್ತು.

ಆಗಾಗ ನಾ ದವಾಖಾನಿ ಬ್ಯಾರೆ ಡಾಕ್ಟರಿಗಿ ಒಪ್ಪಿಸಿ, ಲಡಾಯಿ ನಡದ ಒಂದು ದೇಶಕ್ಕ ಹೋಗಿ ಬರ್ತಿದ್ದೆ. ಸಿಪಾಯಿಗಳ ಸಲುವಾಗಿ ಅಲ್ಲ. ರೊಟ್ಟಿ ತರಲಿಕ್ಕ ಹೋದಾಕಿ, ನೀರಿನ ಪಾಳಿ ಹಚ್ಚಿ ನಿಂತಾಂವ, ಮಾಳಗಿ ಮ್ಯಾಲ ಅರಿವಿ ಒಣ ಹಾಕಾಕಿ, ಇಂಥವರ ಸಲುವಾಗಿ. ದೇಶದ ಹೆಸರು ಬರೆಯೂದಿಲ್ಲ. ನನ್ನ ಜೋಡಿ ಕೆಲಸ ಮಾಡಿದವರು ಇನ್ನೂ ಅಲ್ಲೇ ಇದ್ದಾರ, ಹೆಸರು ಬರದ್ರ ಅವರಿಗಿ ತ್ರಾಸ.

ನೆಲದ ಕೆಳಗ ಸಾಮಾನು ಇಡೂ ಕೋಣಿಯೊಳಗ ಆಪರೇಷನ್ ಥಿಯೇಟರ್ ಮಾಡಿದ್ರು. ಜನರೇಟರ್ ನಿಂತ್ರ ಎಲ್ಲಾರೂ ಕೈ ಎಲ್ಲಿತ್ತೋ ಅಲ್ಲೇ ಹಿಡದು ನಿಂದರೂದು, ಬೆಳಕು ಬಂದ ಮ್ಯಾಲ ಮುಂದುವರಸೂದು. ಮೊದಲ ಸಲ ಹೋದಾಗ ಬೆಳಕು ಬರೂತನಕ ಅಂಕಿ ಎಣಸ್ತಿದ್ದೆ. ಮೂರನೇ ಸಲದ ಹೊತ್ತಿಗಿ ಆ ಕತ್ತಲಿಯೊಳಗ ನಾ ಮುಂದಿನ ಹೊಲಿಗಿ ಎಲ್ಲಿ ಹಾಕಬೇಕು ಅಂತ ವಿಚಾರ ಮಾಡ್ಕೋತ ನಿಂತಿರ್ತಿದ್ದೆ. ಮನಷ್ಯಾ ಎಲ್ಲಾದಕ್ಕೂ ಒಗ್ಗತಾನ, ಒಗ್ಗಬಾರದ್ದಕ್ಕೂ ಒಗ್ಗತಾನ.

ಕಲಬುರಗಿಯಾಗ ಬೆಳದದ್ದು ಅಲ್ಲಿ ಉಪಯೋಗಕ್ಕ ಬಂತು. ಓಣಿಯಾಗ ಉರ್ದು ಕೇಳಿ ಬೆಳದಾಕಿ ನಾ. ದವಾ, ಸಬರ್ ಇಂಥಾ ಶಬ್ದ ಅವರ ಭಾಷಾದಾಗೂ ಇದ್ದವು. ‘ಸಬರ್’, ತಡಕೋ, ಅಂದ್ರ ಸಾಕು, ಅಳಲಿಕ್ಕತ್ತಿದ್ದ ತಾಯಂದಿರು ತಲಿ ಎತ್ತಿ ನನ್ನ ಮುಖಾ ನೋಡ್ತಿದ್ರು, ಈಕಿಗಿ ನಮ್ಮ ಮಾತು ಬರ್ತದಲ್ಲ ಅಂತ. ಅಷ್ಟೇ ಬರ್ತಿತ್ತು.

ಅಲ್ಲಿ ಹೋದ ಸರ್ಜನ್ ಮೊದಲು ಕಲಿಯೂ ಪಾಠ ಅಂದ್ರ, ಗಾಯ ಹೊಲೀಬ್ಯಾಡ. ಗುಂಡು, ತಗಡಿನ ಚೂರು ಮೈಯೊಳಗ ಹೋಗೂ ಮುಂದ ಮಣ್ಣು, ಅರಿವಿ, ಹೊಲಸು ಎಲ್ಲಾ ಎಳಕೊಂಡು ಹೋಗ್ತಾವ. ಸತ್ತ ಮಾಂಸ ಕೊಯ್ದು ತೆಗೀಬೇಕು, ತೊಳೀಬೇಕು, ಒಳಗ ಹಗೂರಕ ಬಟ್ಟಿ ತುಂಬಿ ದಪ್ಪ ಪಟ್ಟಿ ಕಟ್ಟಿ ಬಿಟ್ಟುಬಿಡಬೇಕು. ನಾಕೈದು ದಿನ ಯಾರೂ ಬಿಚ್ಚಬಾರದು. ವಾಸನಿ ಬರಲಿ, ಪಟ್ಟಿಗಿ ಕಲಿ ಬೀಳಲಿ, ಜ್ವರ ನೋವು ಏರಿದ್ರ ಮಾತ್ರ ಬ್ಯಾರೆ ಮಾತು. ಆಮ್ಯಾಲ ಥಿಯೇಟರಿನಾಗೇ ಬಿಚ್ಚಿ, ಒಳಗ ಕೆಂಪಗ ಚೊಕ್ಕ ಇದ್ರ ಹೊಲೀಬೇಕು. ಅವಸರಕ್ಕ ಬಿದ್ದು ಮೊದಲ ದಿನಾನೇ ಹೊಲದ್ರ ಒಳಗ ಕೀವು ತುಂಬಿ ಕಾಲು ಹೋಗ್ತದ, ಕೆಲವೊಮ್ಮೆ ಜೀವಾನೂ ಹೋಗ್ತದ.

ಇದನ್ನ ಮನಿಮಂದಿಗಿ ತಿಳಿಸಿ ಹೇಳೂದು ಆಪರೇಷನ್‌ಕಿಂತ ಕಷ್ಟ. ಮೂರನೇ ಸಲ ಹೋದಾಗ ಒಂದು ಹುಡುಗಿನ್ನ ತಂದ್ರು. ತೊಡಿಯ ಎಲುಬು ಪುಡಿಪುಡಿ ಆಗಿತ್ತು. ಅಪ್ಪ ಭಟ್ಟಿಯಾಗ ರೊಟ್ಟಿ ಸುಡೂ ಕೆಲಸದಾಂವ, ಕೈಯಿಂದ ಹಿಟ್ಟಿನ ವಾಸನಿ ಇನ್ನೂ ಹೋಗಿರಲಿಲ್ಲ. ಅಂವ ದಿನಾ ಮುಂಜಾನೆ ಬಾಗಲದಾಗ ನಿಂತು ಸೂಜಿ ದಾರದ ಸನ್ನಿ ಮಾಡಿ ತೋರಸ್ತಿದ್ದ, ಯಾವಾಗ ಹೊಲಿತೀರಿ ಅಂತ. ನಾ ಕೈ ಅಲ್ಲಾಡಿಸಿ ಇನ್ನೂ ಇಲ್ಲ ಅಂತಿದ್ದೆ. ಅಂವಗ ನಾ ಕಸಬು ಬಾರದಾಕಿ ಅನಿಸಿತ್ತು, ಮುಖದ ಮ್ಯಾಲೇ ಕಾಣ್ತಿತ್ತು. ಐದನೇ ದಿನ ಹೊಲದ್ವಿ. ಕಾಲು ಉಳೀತು.

ಆ ಹುಡುಗಿಯ ಎಲುಬಿನ ಚೂರು ತೆಗೆಯೂ ಮುಂದ ಒಂದು ಚೂರು ನನ್ನ ಗ್ಲೌಸ್ ಹರದು ತೋರುಬೆರಳಿನ ನಡುವಿನ ಗಂಟಿಗಿ ಚುಚ್ಚಿತು. ಮುರದ ಎಲುಬಂದ್ರ ಒಡದ ಗಾಜಿನಂಗ. ಅರವಳಿಕಿ ಕೊಡೂ ಇದ್ರೀಸ್ ನೋಡಿದ. ‘ಡಾಕ್ಟರ್, ಕೈ’ ಅಂದ. ನಾ ಗ್ಲೌಸ್ ಬಿಚ್ಚಿ, ತೊಳಕೊಂಡು, ಹೊಸಾದು ಹಾಕ್ಕೊಂಡು ಮತ್ತ ನಿಂತೆ. ಹೊರಗ ಇನ್ನೂ ಮೂರು ಮಂದಿ ಮಲಗಿದ್ರು. ಯಾವ ಸರ್ಜನ್ನ ಕೇಳ್ರಿ, ಹಿಂಗ ಮಾಡ್ತಿದ್ದೆ ಅಂತಾನೇ ಹೇಳ್ತಾರ.

ಮೊದಲು ಬೆರಳು ಬರೇ ಬಿಗದಂಗ ಆತು. ಆಮ್ಯಾಲ ಬಾತು. ಆಮ್ಯಾಲ ಮಡಚಲಿಕ್ಕ ಬರಲಿಲ್ಲ. ಅಲ್ಲಿ ಇದ್ದ ಔಷಧ ತಗೊಂಡೆ, ಇಳೀತು, ಮತ್ತ ಏರ್ತು. ಚಾಕು ಹಿಡಿಯೂ ಬೆರಳೇ ಅದು. ಒಂದು ದಿನ ಇದ್ರೀಸ್ ನನ್ನ ಕೈಯಿಂದ ಕತ್ರಿ ಇಸ್ಕೊಂಡು ಬಾಜೂಕ್ಕ ಇಟ್ಟ. ಮುಂದಿನ ವಾರ ನಾ ವಿಮಾನದಾಗಿದ್ದೆ.

ಕಲಬುರಗಿಯಾಗ ಕೈಯ ಎಲುಬು ನೋಡೂ ಡಾಕ್ಟರ್ ನಸ್ರೀನ್ ನನ್ನ ಜೋಡಿ ಓದಿದಾಕಿ. ಆಕಿ ದವಾಖಾನಿಗಿ ಎಷ್ಟೋ ಸಲ ಹೋಗೀನಿ, ಆದ್ರ ಹಿಂದಿನ ಬಾಗಿಲಿಂದ, ಚಾ ಕುಡೀಲಿಕ್ಕ. ಈಗ ಮುಂದಿನ ಬಾಗಿಲಿಂದ ಹೋಗಿ ಪೇಶಂಟುಗಳ ಬಾಕಿನ ಮ್ಯಾಲ ಕೂತೆ. ನಸ್ರೀನ್ ಒಳಗ ಕರದ್ರೂ ಹೋಗಲಿಲ್ಲ, ಪಾಳಿ ಬರಲಿ ಅಂದೆ. ದೊಡ್ಡಸ್ತನ ಅಲ್ಲ ಅದು, ಅಂಜಿಕಿ. ಒಳಗ ಹೋದ್ರ ಖರೇದ್ದು ಕೇಳಬೇಕಾಗ್ತಿತ್ತು.

ಬಾಕಿನ ಮ್ಯಾಲ ಕೂತವರಿಗಿ ಡಾಕ್ಟರೂ ಒಂದೇ, ಮಾಸ್ತರೂ ಒಂದೇ. ಬಾಜೂಕ್ಕ ಕೂತಿದ್ದ ಒಬ್ಬಾಕಿ ಮುದುಕಿ, ಮುಂಗೈ ಮುರದಿತ್ತು, ನನ್ನ ಬೆರಳು ನೋಡಿದ್ಳು.

“ಏನಾಗ್ಯದವ್ವಾ?”

“ಎಲುಬು ಚುಚ್ಚಿತ್ತು ಅಮ್ಮಾ.”

“ಮೀನಿನ ಎಲುಬೇನು?”

ಹೂಂ ಅಂದೆ. ಅದಕ್ಕಿಂತ ಸಣ್ಣ ಉತ್ತರ ನನ್ನ ಹಂತ್ಯಾಕ ಇರಲಿಲ್ಲ. “ಮೀನು ತಿನಬ್ಯಾಡವ್ವಾ, ನೋಡಿದ್ರ ಶರಣರ ಮನಿಯಾಕಿ ಕಂಡಂಗ ಕಾಣ್ತಿ” ಅಂತ ಆಕಿ ಬುದ್ಧಿ ಹೇಳಿದ್ಳು. ಆಮ್ಯಾಲ ತನ್ನ ಚಲೋ ಕೈಲಿಂದ ಬಿಸ್ಕಿಟ್ ಪುಡಿಕಿ ಹಲ್ಲಿಗಿ ಹಚ್ಚಿ ಹರದು ನನಗೊಂದು ಕೊಟ್ಳು. ಎರಡು ತಿಂಗಳಾಗಿತ್ತು, ಯಾರೂ ನನಗ ಏನೂ ಹರದು ಕೊಟ್ಟಿರಲಿಲ್ಲ. ಕಣ್ಣಾಗ ನೀರು ಬಂತು. ನಾ ಬಿಸ್ಕಿಟ್ ತಿಂದೆ.

ರಕ್ತ ಪರೀಕ್ಷಾ ಆತು. ಬ್ಯಾರೆಯವರ ಎಲುಬು ಚುಚ್ಚಿದ ಮ್ಯಾಲ ಏನೇನು ನೋಡ್ಬೇಕೋ ಎಲ್ಲಾ ನೋಡಿದ್ರು. ಅವು ಯಾವೂ ಇರಲಿಲ್ಲ. ಆದ್ರ ಬೆರಳಿನ ಎಲುಬಿನಾಗ ಕಣ್ಣಿಗಿ ಕಾಣದ ಹುಳಾ ಮನಿ ಮಾಡಿತ್ತು. ಅಲ್ಲಿಯ ದವಾಖಾನಿಗಳೊಳಗ ಬೆಳದು ಎಲ್ಲಾ ಔಷಧ ನುಂಗಿ ನೀರು ಕುಡದ ಹುಳಾ. ನಸ್ರೀನ್ ರಿಪೋರ್ಟ್ ಓದಿ ಕನ್ನಡಕ ತೆಗದ್ಳು.

“ಎರಡು ಔಷಧ ಉಳದಾವ, ಮಾದೇವಿ. ಎರಡೂ ಕಿಡ್ನಿಗಿ ಹೊಡತ ಕೊಡ್ತಾವ. ಬೆರಳು ತೆರದು ತೊಳದು ನೋಡೂಣು.”

“ತೊಳದು?”

“ಬಿಟ್ಟುಬಿಡ್ತೀನಿ, ಹೊಲಿಯೂದಿಲ್ಲ. ನಿನಗೇನು ಹೇಳಲಿ, ನೀನೇ ಊರ ಮಂದಿಗಿ ಪಾಠ ಹೇಳಾಕಿ.”

ಹಂಗ ಆತು. ಬೆರಳು ತೆರದು, ಕೊಳತದ್ದು ಕೆತ್ತಿ, ಬಟ್ಟಿ ತುಂಬಿ, ಅಂಗೈತನಕ ಪಟ್ಟಿ ಕಟ್ಟಿದ್ಳು. ಐದನೇ ದಿನ ಥಿಯೇಟರಿನಾಗ ತಾನೇ ಬಿಚ್ಚತೀನಿ, ಅಲ್ಲಿತನಕ ಯಾರೂ ಮುಟ್ಟಬ್ಯಾಡ್ರಿ ಅಂತ ಅವ್ವಗ, ಅಣ್ಣಗ ಇಬ್ಬರಿಗೂ ಹೇಳಿದ್ಳು. ಅಣ್ಣ ಗೋಣು ಹಾಕಿದ. ಅಂವ ಗೋಣು ಹಾಕಿದ್ದು ಒಪ್ಪಿಗಿ ಅಂತ ಆಕಿ ತಿಳಕೊಂಡ್ಳು.

ಖೂಬಾ ಪ್ಲಾಟಿನ ಮನಿಯಾಗ ನನ್ನ ಬಾಳೆ ಕೂಸಿನ ಬಾಳೆ ಆತು. ಬಲಗೈ ಇಲ್ಲಂದ್ರ ನಮ್ಮ ಕಡೆ ಉಣ್ಣೂದು ಹ್ಯಾಂಗ? ಎಡಗೈಲಿ ಉಂಡ್ರ ಅವ್ವನ ಮುಖಾ ಸಣ್ಣದಾಗ್ತಿತ್ತು. ಚಮಚಾದಾಗ ಅನ್ನಾ ಉಣ್ಣಬಹುದು, ಜ್ವಾಳದ ರೊಟ್ಟಿ ಚಮಚಾದಾಗ ಮುರೀಲಿಕ್ಕ ಬರ್ತದೇನು? ಅವ್ವಾನೇ ಮುರದು, ಪಲ್ಯ ಹಚ್ಚಿ ಬಾಯಿಗಿ ಇಡ್ತಿದ್ಳು. ಐವತ್ತು ದಾಟಿದ ಸರ್ಜನ್ ಬಾಯಿ ತೆರಕೊಂಡು ಕೂಡ್ತಿದ್ದಳು. “ಸಣ್ಣಾಕಿದ್ದಾಗ ಹಿಂಗ ಬಾಯಿ ತೆರದಿದ್ರ ಎಷ್ಟು ಚಲೋ ಆಗ್ತಿತ್ತು, ಆವಾಗ ಓಣಿ ತುಂಬ ಓಡಿಸಿದಿ” ಅಂತಿದ್ಳು. ಸೀರಿ ನೆರಗಿ ಹಿಡೀತಿದ್ಳು, ಜಡಿ ಹಾಕ್ತಿದ್ಳು. ಆ ದಿನದಾಗ ಆಕಿ ಖುಷಿಯಿಂದಿದ್ಳು ಅನಸ್ತದ. ಇದನ್ನ ಆಕಿಗಿ ಹೇಳಿಲ್ಲ.

ಒಂದಿನ ಶರಣಬಸವೇಶ್ವರ ಗುಡಿಗಿ ಕರಕೊಂಡು ಹೋದ್ಳು. ಪ್ರಸಾದ ಕೊಡೂ ಅಜ್ಜ ನನ್ನ ಎಡಗೈ ನೋಡಿ, “ಬಲಗೈ, ಬಲಗೈ” ಅಂತ ಗದರಸಿದ. ಪಟ್ಟಿ ಕಟ್ಟಿದ ಬಲಗೈ ಮುಂದ ಮಾಡಿದೆ. ಅಂವ ಒಂದು ಗಳಿಗಿ ನೋಡಿ, ಪಟ್ಟಿ ಮ್ಯಾಲೇ ಸಕ್ಕರಿ ಇಟ್ಟ. ನಾ ಬಗ್ಗಿ ಅಲ್ಲಿಂದಾನೇ ನೆಕ್ಕಿದೆ. ಹಿಂದಿನ ಪಾಳಿಯಾಗಿದ್ದ ಕಾಲೇಜ್ ಹುಡುಗ್ಯಾರು ನಕ್ರು, ನನಗೂ ನಗಿ ಬಂತು.

ಅಣ್ಣನ ಬಗ್ಗೆ ಒಂದು ಮಾತು ಹೇಳಬೇಕು. ಅಂವ ನಲವತ್ತು ವರ್ಷ ಗಂಜಿನಾಗ ಕಾಳು ತೂಗಿದಾಂವ. ಚೀಲ ಎಷ್ಟು ಚಂದ ಹೊಲದಿರಲಿ, ತಂದಾಂವ ಎಷ್ಟು ಹಳೇ ಗಿರಾಕಿ ಇರಲಿ, ಚೀಲಕ್ಕ ಚುಚ್ಚಿ ಒಳಗಿನ ನಾಕು ಕಾಳು ಅಂಗೈ ಮ್ಯಾಲ ಹಾಕ್ಕೊಂಡು ನೋಡ್ಲಾರದ ಮಾತಾಡೂದಿಲ್ಲ. ಮ್ಯಾಲಿನ ಕಾಳು ಯಾವಾಗೂ ಚಲೋನೇ ಇರ್ತಾವ, ನಡುವಿಂದ ತೆಗದು ನೋಡು ಅಂತಾನ. ಅವನ ಹೊಟ್ಟಿಪಾಡು ನಡದದ್ದು ಈ ಒಂದು ರೂಢಿ ಮ್ಯಾಲ.

ಪಟ್ಟಿ ಕಟ್ಟಿದ ಮೂರನೇ ದಿನ ಅದರಿಂದ ವಾಸನಿ ಬರಲಿಕ್ಕ ಹತ್ತಿತು. ನನಗ ಆ ವಾಸನಿ ಗೊತ್ತಿತ್ತು, ಹುಳಿ ಹಿಟ್ಟಿನಂಥಾದ್ದು, ಅಂಜೂ ವಾಸನಿ ಅಲ್ಲ. ಮಧ್ಯಾಹ್ನ ನೋವಿನ ಗುಳಿಗಿ ತಗೊಂಡು ಮಲಗಿದ್ದೆ. ಎಚ್ಚರಾದಾಗ ಅಣ್ಣ ಮಂಚದ ಬಾಜೂಕ್ಕ ಕೂತಿದ್ದ. ಕೈಯಾಗ ಕತ್ರಿ. ಅವ್ವ ನನ್ನ ಮುಂಗೈ ಹಿಡದಿದ್ದಳು. ಪಟ್ಟಿ ನೆಲದ ಮ್ಯಾಲಿತ್ತು. ಬೆರಳು ಈ ತುದಿಯಿಂದ ಆ ತುದಿತನಕ ಬಾಯಿ ತೆರಕೊಂಡು, ಕೆಂಪು ಮಾಂಸ, ನಡುವ ಬಿಳೇ ನರ, ಹಂಗ ಬಿದ್ದಿತ್ತು.

ಅಣ್ಣನ ಮುಖಾ ಸುಣ್ಣ ಬಡದಂಗ ಆಗಿತ್ತು.

“ಹೊಲದೇ ಇಲ್ಲಲ್ಲೋ ಯಪ್ಪಾ! ಹಂಗೇ ಬಿಟ್ಟಾಳಲ್ಲ! ಇದೇನು ಡಾಕ್ಟರಕಿ ಇದು?”

“ಅಣ್ಣಾ, ಹಂಗೇ ಬಿಡಬೇಕು ಅದು.”

“ಏನು ಬಿಡೂದು? ನನ್ನ ತಂಗಿ ಕೈಯೇನು ಕಸಾಯಿ ಅಂಗಡಿಯೇನು?”

ನನಗ ಸಿಟ್ಟು ಬಂತು, ಆದ್ರ ಅದಕ್ಕಿಂತ ಮೊದಲು ಒಂದು ಮುಖಾ ನೆಪ್ಪಾತು. ಬಾಗಲದಾಗ ನಿಂತು ಸೂಜಿ ದಾರದ ಸನ್ನಿ ಮಾಡಿದ ಅಪ್ಪಂದು. ಅವ್ವ ಅಷ್ಟರೊಳಗ ಅಡಗಿಮನಿಗಿ ಓಡಿ ಮುಷ್ಟಿ ಅರಿಶಿಣ ತಂದು ಹಾಕಿ, ಅಣ್ಣನ ಹೊಸಾ ಧೋತರದ ತುಂಡಿನಿಂದ ಕಟ್ಟಿಬಿಟ್ಟಿದ್ಳು. ಬ್ಯಾಡ ಅನ್ನೂದರಾಗ ಗಂಟು ಬಿದ್ದಿತ್ತು.

ನಸ್ರೀನ್ ಬಂದು ನೋಡಿದ್ಳು. ಎಲ್ಲಾ ತೊಳದು, ಮತ್ತ ಕಟ್ಟಿ, ಕೈ ಒರಸಿಕೋತ ಅಂದ್ಳು: “ಶರಣಪ್ಪಣ್ಣಾ, ನಾ ನಿಮ್ಮ ಅಂಗಡಿಗಿ ಬಂದು ತೊಗರಿಯೊಳಗ ನೀರು ಹೊಯ್ದ್ರ ನಿಮಗ ಹ್ಯಾಂಗ ಆಗ್ತದ?” ಅಣ್ಣ ತಲಿ ತೆಳಗ ಹಾಕಿದ. ನನ್ನ ಜನ್ಮದಾಗ ಅಂವ ಹಂಗ ತಲಿ ತೆಳಗ ಹಾಕಿದ್ದು ನಾ ನೋಡಿರಲಿಲ್ಲ.

ಒಂದು ವಾರದಾಗ ಕೆಂಪು ಅಂಗೈಗಿ ಇಳೀತು. ಬಿಚ್ಚಿದ್ದರಿಂದ ಆತೋ, ಬಿಚ್ಚದಿದ್ರೂ ಆಗ್ತಿತ್ತೋ, ಇದಕ್ಕ ಯಾರ ಹಂತ್ಯಾಕೂ ಉತ್ತರ ಇಲ್ಲ. ಔಷಧ ನನ್ನ ಕಿಡ್ನಿ ಕೆಡಸ್ಲಿಕ್ಕ ಹತ್ತಿತ್ತು. ನಸ್ರೀನ್ ನನ್ನ ಮುಂದ ಕುರ್ಚಿ ಎಳಕೊಂಡು ಕೂತ್ಳು. ಆಕಿ ಕುರ್ಚಿ ಎಳಕೊಂಡಾಗಲೇ ತಿಳೀತು. ನಾನೂ ಹಂಗೇ ಕುರ್ಚಿ ಎಳಕೊಂಡು ಕೂಡ್ತಿದ್ದೆ.

“ಬೆರಳು ತೆಗೀಬೇಕು, ಮಾದೇವಿ. ಬುಡದಿಂದ. ಐದು ಬೆರಳು ಸಮ ಇರೂದಿಲ್ಲ ಅಂತಾರಲ್ಲ, ಈ ಒಂದರ ಸಲುವಾಗಿ ನಾಕು ಕಳಕೋಬ್ಯಾಡ. ತಡಾ ಮಾಡಿದ್ರ ಕೈ ಹೋಗ್ತದ.”

“ತೆಗಿ” ಅಂದೆ.

ಬ್ಯಾರೆಯವರ ಕಾಲು ತೆಗೆಯೂದು ನಿಶ್ಚಯ ಮಾಡ್ಲಿಕ್ಕ ನನಗ ಎಷ್ಟು ಹೊತ್ತು ಹತ್ತತಿತ್ತೋ ಅಷ್ಟೇ ಹತ್ತಿತು. ಆಮ್ಯಾಲ ಸಂಡಾಸಕ್ಕ ಹೋಗಿ ಬಾಗಿಲು ಹಾಕ್ಕೊಂಡು, ಸೆರಗು ಬಾಯಾಗ ತುರಕೊಂಡು ಅತ್ತೆ. ಬೆರಳಿನ ಸಲುವಾಗಿ ಅಲ್ಲ. ಮುಂದ ನಾ ಯಾರಾಗಿ ಇರೂದು ಅಂತ. ಮೂವತ್ತು ವರ್ಷ ನಾ ಬ್ಯಾರೆ ಏನೂ ಕಲ್ತಿರಲಿಲ್ಲ. ಅಡಗಿ ಬರೂದಿಲ್ಲ, ಹಾಡು ಬರೂದಿಲ್ಲ, ಮಂದಿ ಜೋಡಿ ಸುಮ್ಮ ಕೂತು ಮಾತಾಡ್ಲಿಕ್ಕೂ ಬರೂದಿಲ್ಲ. ಕೊಯ್ಯೂದೊಂದು ಬರ್ತಿತ್ತು. ಆ ಕೈ ಹೋದ್ರ ನನ್ನಾಗ ಉಳಿಯೂದೇನು?

ನಾ ತೆಗಿ ಅಂದ್ರೂ ಮನಿಯಾಗ ಅದು ನಡೀಲಿಲ್ಲ. ಅಣ್ಣ ಹೂಂ ಅನ್ನೂತನಕ ಅವ್ವ ನನ್ನ ಹೊಸ್ತಿಲ ದಾಟಗೊಡಲಿಲ್ಲ. ಅಣ್ಣ ಹೂಂ ಅನ್ನಲಿಲ್ಲ. ಮನಿಯಾಗ ನಿಲ್ಲೂದೇ ಬಿಟ್ಟ. ಮುಂಜಾನೆ ಎದ್ದು ಗಂಜಿಗಿ ಹೋಗಾಂವ, ಎಲ್ಲಾರೂ ಉಂಡ ಮ್ಯಾಲ ಬರಾಂವ. ಯಾವ ಊರಾಗಾದ್ರೂ ಇದು ಒಂದೇ. ಆ ಲಡಾಯಿ ದೇಶದಾಗೂ ಕಾಕಾ ಬರಬೇಕು, ಅಜ್ಜ ಬರಬೇಕು ಅಂತ ಮನಿಮಂದಿ ಕಾಯೂ ಮುಂದ ನಾ ಹಲ್ಲು ಕಡೀತಿದ್ದೆ, ಹೊತ್ತು ಹೋಗ್ತಿತ್ತಲ್ಲ ಅಂತ. ಈಗಲೂ ಅದು ತಪ್ಪು ಅಂತಾನೇ ನನ್ನ ಮತ. ಆದ್ರ ಈಗ ಹೊತ್ತು ಹೋಗ್ಲಿಕ್ಕತ್ತಿದ್ದು ನನ್ನ ಕೈಯಿಂದು.

ಎರಡು ದಿನ ನೋಡಿ, ಅಣ್ಣನ ಕಡಿಂದ ಹೂಂ ಅನಿಸಿ ಬರ್ತೀನಿ ಅಂತ ಅವ್ವಗ ಹೇಳಿ ಆಟೋ ಮಾಡ್ಕೊಂಡು ಗಂಜಿಗಿ ಹೋದೆ. ಹಮಾಲರು ಚೀಲ ಇಳಸ್ಲಿಕ್ಕತ್ತಿದ್ರು. ಕೊರಳಿಗಿ ಕೈ ಜೋತು ಹಾಕ್ಕೊಂಡ ನನ್ನ ನೋಡಿ ಬಾಜೂಕ್ಕ ಸರದು ಹಾದಿ ಬಿಟ್ರು. ಅಣ್ಣ ಒಳಗ ಗಾದಿ ಮ್ಯಾಲ ಗ್ವಾಡಿಗಿ ಮಾರಿ ಮಾಡಿ ಕೂತಿದ್ದ.

“ಅಣ್ಣಾ, ಹೂಂ ಅನ್ನು. ನಾಳೆ ತೆಗೀತಾಳ.”

“ನಾ ಬಿಚ್ಚಿದ್ದಕ್ಕ ಹೋಗ್ತದ ಅದು.”

“ಎಲುಬು ಚುಚ್ಚಿದ್ದು ಅಲ್ಲಿ. ಹುಳಾ ಅಲ್ಲಿಂದು.”

ಅಂವ ತಿರುಗಿ ನನ್ನ ಕಣ್ಣಾಗ ಕಣ್ಣಿಟ್ಟು ನೋಡಿದ. “ನನ್ನಾಣಿ ಮಾಡಿ ಖರೇ ಹೇಳು ತಂಗಿ. ನಾ ಬಿಚ್ಚದೇ ಇದ್ರ ಉಳೀತಿತ್ತೇನು?”

ಸುಳ್ಳು ಹೇಳೂದು ಭಾಳ ಸರಳಿತ್ತು. ಬಾಯಿತನಕ ಬಂದಿತ್ತು.

“ಗೊತ್ತಿಲ್ಲ ಅಣ್ಣಾ. ಉಳೀತಿತ್ತೇನೋ. ಇಲ್ಲೇನೋ. ಇದು ನಿನಗೂ ಗೊತ್ತಾಗೂದಿಲ್ಲ, ನನಗೂ ಗೊತ್ತಾಗೂದಿಲ್ಲ, ನಾವು ಸಾಯೂತನಕ.”

“ಸುಳ್ಳಾದ್ರೂ ಹೇಳಬಾರದಿತ್ತೇನ?”

“ಪೇಶಂಟಿಗೇ ಹೇಳಿಲ್ಲ. ನಿನಗ ಹ್ಯಾಂಗ ಹೇಳ್ಲಿ?”

ಹೊರಗ ಯಾರೋ ತೊಗರಿ ದರ ಕೇಳಿದ್ರು. ಅಂವ ಎದ್ದು ಟೊಪಗಿ ಹಾಕ್ಕೊಂಡ. “ನಡಿ, ಆಟೋದಾಗ ಯಾಕ ಬಂದಿ, ಕೈಗಿ ಪೆಟ್ಟು ಹತ್ತತದ” ಅಂತ ಬೈಕೋತ ತನ್ನ ಗಾಡಿಯಾಗ ಕೂಡಿಸಿಕೊಂಡು ನೆಟ್ಟಗ ನಸ್ರೀನಳ ದವಾಖಾನಿಗಿ ಒಯ್ದ.

ಬಗಲಾಗ ಸೂಜಿ ಹಾಕಿ ಕೈ ಅಷ್ಟೇ ಜಡ ಮಾಡಿದ್ರು. ನಾ ಎಚ್ಚರಿದ್ದೆ. ಕಣ್ಣಿಗೂ ಕೈಗೂ ನಡುವ ಹಸರು ಅರಿವಿ ಕಟ್ಟಿದ್ರು, ಏನೂ ಕಾಣ್ತಿರಲಿಲ್ಲ, ಆದ್ರ ಸಪ್ಪಳ ಎಲ್ಲಾ ಗೊತ್ತಿದ್ದವೇ. ಯಾವ ಸಪ್ಪಳಕ್ಕ ಯಾವ ಹತಾರ ಅಂತ ನಾ ಮನಸಿನಾಗ ಹೇಳಿಕೋತ ಹೋದೆ. ಕಡೀಕ ಒಂದು ಸಣ್ಣ ಸಪ್ಪಳ, ಸ್ಟೀಲಿನ ತಾಟಿನಾಗ ಏನೋ ಇಟ್ಟಂಗ. ಅದಕ್ಕ ಹತಾರದ ಹೆಸರಿರಲಿಲ್ಲ. ಆವಾಗ ನನಗ ಅಂಜಿಕಿ ಬಂತು. ನಸ್ರೀನ್ ಅರಿವಿಯ ಆ ಕಡಿಂದ “ಬಸ್, ಹೋಗಯಾ, ಮುಗೀತು” ಅಂದ್ಳು. ಹೊಲಿಯಲಿಲ್ಲ. ನಾ ಕೇಳೂದೂ ಬ್ಯಾಡಿತ್ತು. ಐದನೇ ದಿನ ಹೊಲದ್ಳು. ಈ ಸಲ ಆ ಐದೂ ದಿನ ಅಣ್ಣ ನನ್ನ ಕೋಣಿಯ ಹೊರಗ ಕುರ್ಚಿ ಹಾಕ್ಕೊಂಡು, ಬಂದ ಬೀಗರಿಗೆಲ್ಲಾ “ಪಟ್ಟಿಗಿ ಕೈ ಹಚ್ಚಿದ್ರ ನೋಡ್ರಿ ಮತ್ತ” ಅಂತ ಕಾವಲು ಕೂತಿದ್ದ.

ಹಿಂಗ ಏನಾದ್ರೂ ಕಳಕೊಂಡವರು ಇದನ್ನ ಓದ್ಲಿಕ್ಕತ್ತಿದ್ರ ಅವರಿಗೊಂದು ಮಾತು. ಇಲ್ಲದ ಬೆರಳು ನೋಯ್ತದ. ತುರಸ್ತದ. ಮುಂಜಾನೆ ಎದ್ದ ಕೂಡಲೇ ಮಡಚ್ಲಿಕ್ಕ ನೋಡ್ತದ. ಹುಚ್ಚು ಹಿಡದದ ಅಂತ ತಿಳಕೋಬ್ಯಾಡ್ರಿ. ಭಾಳ ಮಂದಿಗಿ ಹಂಗ ಆಗ್ತದ, ಹೇಳೂದಿಲ್ಲ ಅಷ್ಟೇ. ನಾ ನಾಕು ತಿಂಗಳು ಯಾರಿಗೂ ಹೇಳಲಿಲ್ಲ, ನನ್ನ ಪೇಶಂಟುಗಳಿಗಿ ಇದನ್ನೇ ನೂರು ಸಲ ಹೇಳಿದಾಕಿ ನಾ.

ಮಂಚದ ಕಾಲಿಗಿ ದಾರ ಕಟ್ಟಿ ಗಂಟು ಹಾಕೂದು ಮೊದಲಿಂದ ಕಲ್ತೆ. ತೋರುಬೆರಳಿನ ಕೆಲಸ ನಡುಬೆರಳಿಗಿ ಒಪ್ಪಿಸಿದೆ. ಅದು ಮೊದಮೊದಲು ಹೊಸಾ ಸೊಸಿಯಂಗ, ಕರದಲ್ಲಿ ಬರ್ತಿರಲಿಲ್ಲ, ಬ್ಯಾಡಾದಲ್ಲಿ ಬರ್ತಿತ್ತು. ಆಮ್ಯಾಲ ಮನಿ ಹಿಡೀತು. ಅವ್ವನ ಹೊಲಿಗಿ ಪೆಟಗಿಯಾಗಿನ ದಾರೆಲ್ಲಾ ತೀರಿದ ಮ್ಯಾಲ ನಸ್ರೀನ್ ಬಂದು ಗಂಟು ಎಳದು ನೋಡಿದ್ಳು, ಬಿಚ್ಚಲಿಕ್ಕ ಬರಲಿಲ್ಲ, ಕತ್ರಿ ತರಿಸಿದ್ಳು. “ಹೋಗು, ಕಮಲಾಪುರಕ್ಕ ಹೋಗು” ಅಂದ್ಳು.

ಹೋದೆ. ಬಾಗಿಲು ತೆರದೆ. ಪೇಶಂಟುಗಳು ಬಂದ್ರು. ಜ್ವರ, ಕೆಮ್ಮು, ಹೊಟ್ಟಿ ಶೂಲಿ, ಎಲ್ಲಾ ತೋರಸ್ತಿದ್ರು. ಕೊಯ್ಯಬೇಕಾಗ್ತದ ಅಂದ ಕೂಡಲೇ ಅವರ ಕಣ್ಣು ನನ್ನ ಕೈಗಿ ಬೀಳ್ತಿತ್ತು. “ಮನಿಯಾಗ ಕೇಳಿ ಬರ್ತೇವ್ರೀ ಮೇಡಂ” ಅಂತ ಎದ್ದು ಹೋಗ್ತಿದ್ರು. ಕಲಬುರಗಿ ಬಸ್ಸು ಹತ್ತಿದ್ದು ಕಿಡಕಿಯಿಂದ ಕಾಣ್ತಿತ್ತು. ಅವರ ತಪ್ಪೇನಿಲ್ಲ. ಅವರ ಜಾಗಾದಾಗ ನಾ ಇದ್ರೂ ಅದೇ ಬಸ್ಸು ಹತ್ತತಿದ್ದೆ. ಒಬ್ಬಾಂವ ಕೆಂಪು ಬಾಳೆಹಣ್ಣಿನ ಚಿಪ್ಪು ತಂದು ಟೇಬಲ್ ಮ್ಯಾಲ ಇಟ್ಟು, ಭಾಳ ಮರ್ಯಾದಿಯಿಂದ ತನ್ನ ಹೆಂಡತಿನ್ನ ಬ್ಯಾರೆ ದವಾಖಾನಿಗಿ ಕರಕೊಂಡು ಹೋದ. ಹಣ್ಣು ಚಲೋ ಇದ್ದವು. ಹಿಂಗ ಮಳಿಗಾಲ ಪೂರಾ ಕಳೀತು. ಥಿಯೇಟರಿನ ದೀಪ ವಾರಕ್ಕೊಮ್ಮೆ ಹಚ್ಚಿ ಆರಸ್ತಿದ್ದೆ, ಬಲ್ಬ್ ಕೆಡಬಾರದು ಅಂತ.

ಒಂದಿನ ಮುಂಜಾನೆ ಪೇಶಂಟುಗಳ ಪಾಳಿಯಾಗ ಅಣ್ಣ ಕೂತಿದ್ದ. ಟೊಪಗಿ ತೊಡಿ ಮ್ಯಾಲಿತ್ತು. ತನ್ನ ಪಾಳಿ ಬರೂತನಕ ಕೂತ, ಒಳಗ ಬಂದ, ಬಾಗಿಲು ಹಾಕ್ದ.

“ತೊಡಿ ಸಂದಿನಾಗ ಗಂಟು ಬಂದದ. ಕೆಮ್ಮಿದ್ರ ಹೊರಗ ಬರ್ತದ, ಮಲಗಿದ್ರ ಒಳಗ ಹೋಗ್ತದ.”

“ಎಷ್ಟು ದಿನ ಆತು?”

“ಆತು ಮೂರ್ನಾಕು ವರ್ಷ.”

“ಮೂರ್ನಾಕು ವರ್ಷ ಮನಿಯಾಗ ಸರ್ಜನ್ ಇಟ್ಕೊಂಡು ಹರ್ನಿಯಾ ಸಾಕಿದೇನು?”

“ತಂಗಿಗಿ ಅದನ್ನ ಹ್ಯಾಂಗ ತೋರಸೂದು? ನಾಚಿಕಿ ಇಲ್ಲೇನು?”

“ಈಗ ನಾಚಿಕಿ ಎಲ್ಲಿ ಹೋತು?”

ಅಂವ ಟೊಪಗಿ ತಿರುವ್ಯಾಡಿಸಿದ. “ಈಗ ನೀ ಕೊಯ್ಯಿ.”

ನಾ ಆಗೂದಿಲ್ಲ ಅಂದೆ. ರಕ್ತ ಸಂಬಂಧದವರನ್ನ ನಾವು ಕೊಯ್ಯೂದಿಲ್ಲ, ಅದು ನಮ್ಮ ಕಸಬಿನ ರೀತಿ, ಕಲಬುರಗಿಯಾಗ ಚಲೋ ಸರ್ಜನ್ನರಿದ್ದಾರ, ಚೀಟಿ ಬರದು ಕೊಡ್ತೀನಿ ಅಂದೆ. ಅಂವ ಚೀಟಿ ಇಸ್ಕೊಳ್ಳಲಿಲ್ಲ. “ನೀ ಕೊಯ್ದ್ರ ಕೊಯ್ಯಿ, ಇಲ್ಲಂದ್ರ ಇದನ್ನ ಹಿಂಗೇ ಗುಡ್ಡಕ್ಕ ಒಯ್ತೀನಿ” ಅಂದ. ನಮ್ಮ ಕಡೆ ಗುಡ್ಡ ಅಂದ್ರ ಸುಡುಗಾಡು.

ನಸ್ರೀನ್‌ಗ ಫೋನ್ ಮಾಡಿದೆ. ಬೈತಾಳ ಅಂದ್ಕೊಂಡಿದ್ದೆ. “ನಾ ಬಾಜೂಕ್ಕ ನಿಂದರ್ತೀನಿ. ಎಲುಬು ಬಿಟ್ಟು ಬ್ಯಾರೆ ಮುಟ್ಟಿ ಭಾಳ ವರ್ಷ ಆತು, ಆದ್ರ ನಿನ್ನ ಕೈ ಸೋತ್ರ ಹೊಲದು ಮುಗಸೂವಷ್ಟು ಬರ್ತದ” ಅಂದ್ಳು.

ಬೆನ್ನಿಗಿ ಸೂಜಿ ಕೊಟ್ಟು ಅಣ್ಣಗ ನಡದಿಂದ ತೆಳಗ ಜಡ ಮಾಡಿದ್ರು. ಎಚ್ಚರಿದ್ದ. ಅವನ ಎದಿ ಮ್ಯಾಲ ಹಸರು ಅರಿವಿ ಎತ್ತಿ ಕಟ್ಟಿದ್ರು. ನನ್ನ ಗ್ಲೌಸಿನ ಖಾಲಿ ಬೆರಳು ಸಿಸ್ಟರ್ ಮಡಚಿ ಕಟ್ಟಿದ್ಳು. ಚರ್ಮಕ್ಕ ಔಷಧ ಒರಸಿದೆ. ಕೈ ಮುಂದ ಚಾಚಿದೆ, ಸಿಸ್ಟರ್ ಚಾಕು ಹಿಡದಳು. ಇಸ್ಕೊಳ್ಳಲಿಕ್ಕ ಆಗಲಿಲ್ಲ. ಕೈ ನಡಗ್ಲಿಕ್ಕ ಹತ್ತಿತ್ತು. ನಸ್ರೀನ್ ನನ್ನ ನೋಡಿದ್ಳು, ಸಿಸ್ಟರ್ ನೆಲ ನೋಡಿದ್ಳು.

ಅರಿವಿಯ ಆ ಕಡಿಂದ ಅಣ್ಣನ ಧ್ವನಿ ಬಂತು.

“ಕೈ ನಡಗ್ಲಿಕ್ಕತ್ತದೇನ ತಂಗಿ?”

“ಹೂಂ ಅಣ್ಣಾ.”

“ನಡಗಲಿ ಬಿಡು. ನಿಂದರೂತನಕ ನಡಗಲಿ. ನಾ ಎದ್ದು ಎಲ್ಲಿಗೂ ಹೋಗೂದಿಲ್ಲ.”

ನಿಂತೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ, ಯಾರೂ ಅವಸರ ಮಾಡಲಿಲ್ಲ. ಆಮ್ಯಾಲ ಚಾಕು ಇಸ್ಕೊಂಡೆ.